ಶನಿವಾರ ರಾತ್ರಿ ನೆನೆಸಿದ ಕಾಳು

ಜಮೈಕಾದಲ್ಲಿ ಭಾನುವಾರದ ಊಟ ಶುರುವಾಗುವುದು ಶನಿವಾರ ರಾತ್ರಿ. ಮನೆಮಂದಿ ಉಂಡೆದ್ದು, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ, ಅಡುಗೆಯಾಕೆ ಒಂದು ಲೋಟ ಕೆಂಪು ಕಾಳನ್ನು ಅಗಲದ ಬಟ್ಟಲಿಗೆ ಸುರಿಯುತ್ತಾಳೆ. ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಹರಳು, ಹುಳುಕು ಆರಿಸಿ, ಎರಡು ನೀರಲ್ಲಿ ತೊಳೆದು, ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಹೊಯ್ದು ಮುಚ್ಚಿಡುತ್ತಾಳೆ. ಮರುದಿನ ಚರ್ಚಿಗೆ ಹೊರಡುವ ಹೊತ್ತಿಗೆ ಕಾಳು ಉಬ್ಬಿ ಬಟ್ಟಲಿನ ಅಂಚಿಗೆ ಬಂದಿರುತ್ತದೆ. ಚರ್ಚಿನಿಂದ ಬಂದವರು ಒಳ್ಳೆಯ ಬಟ್ಟೆ ಬಿಚ್ಚಿಟ್ಟು ಒಲೆ ಹಚ್ಚುತ್ತಾರೆ. ಹಿತ್ತಲಲ್ಲಿ ಯಾರೋ ತೆಂಗಿನಕಾಯಿ ಒಡೆಯುತ್ತಾರೆ, ಇನ್ಯಾರೋ ಅದನ್ನು ಪರಪರ ತುರಿಯುತ್ತಾರೆ. ಮಧ್ಯಾಹ್ನ ಮೂರರ ಸುಮಾರಿಗೆ ಕಿಂಗ್‌ಸ್ಟನ್ನಿನ ಯಾವುದೇ ಬೀದಿಯಲ್ಲಿ ನಡೆದು ಹೋದವರ ಮೂಗಿಗೆ ಮನೆಮನೆಯಿಂದಲೂ ಒಂದೇ ಪರಿಮಳ ಬಡಿಯುತ್ತದೆ: ಕಾಯಿಹಾಲಿನಲ್ಲಿ ಬೇಯುತ್ತಿರುವ ಅಕ್ಕಿ ಮತ್ತು ಕಾಳು.

ಕೇಳುಗರೇ, ಈ ಅಡುಗೆಗೆ ಅಲ್ಲಿ 'ರೈಸ್ ಆ್ಯಂಡ್ ಪೀಸ್' ಎಂದು ಹೆಸರು. ಪೀಸ್ ಎಂದಾಕ್ಷಣ ಹಸಿರು ಬಟಾಣಿ ನೆನಪಾಗುವುದು ಸಹಜ. ಆದರೆ ಪಾತ್ರೆಯಲ್ಲಿ ಬಟಾಣಿ ಒಂದೂ ಇರುವುದಿಲ್ಲ. ಇರುವುದು ನಮ್ಮ ದಿನಸಿ ಅಂಗಡಿಗಳಲ್ಲಿ ಸಿಗುವ ರಾಜ್ಮಾ. ಜಮೈಕಾದವರಿಗೆ ರಾಜ್ಮಾ ಎಂದರೆ 'ರೆಡ್ ಪೀಸ್'. ಕನ್ನಡದವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಹೆಸರು, ಹುರುಳಿ, ಅಲಸಂದೆ, ಅವರೆ ಎಲ್ಲಕ್ಕೂ ಕಾಳು ಎಂಬ ಒಂದೇ ಮಾತು ಸಾಕು ಎಂದುಕೊಂಡ ಭಾಷೆ ನಮ್ಮದು. ಅವರೂ ಹಾಗೆಯೇ ಅಂದುಕೊಂಡಿದ್ದಾರೆ, ಅಷ್ಟೇ.

ಈ ಅನ್ನಕ್ಕೆ ಜಮೈಕಾದಲ್ಲಿ ಒಂದು ಅಡ್ಡಹೆಸರೂ ಉಂಟು: 'ಕೋಟ್ ಆಫ್ ಆರ್ಮ್ಸ್', ಅಂದರೆ ರಾಜಲಾಂಛನ. ದೇಶದ ನಿಜವಾದ ಲಾಂಛನದಲ್ಲಿ ಇರುವುದು ಒಬ್ಬ ಟೈನೊ ಗಂಡಸು, ಒಬ್ಬ ಟೈನೊ ಹೆಂಗಸು, ಐದು ಅನಾನಸು ಮತ್ತು ಒಂದು ಮೊಸಳೆ. ಅದರ ಕೆಳಗೆ 1962ರಲ್ಲಿ, ದೇಶ ಸ್ವತಂತ್ರವಾದ ವರ್ಷ, ಹೊಸದೊಂದು ಧ್ಯೇಯವಾಕ್ಯ ಸೇರಿತು. ಹಲವರು ಕೂಡಿ ಒಂದೇ ಜನ ಎಂಬುದು ಅದರ ತಾತ್ಪರ್ಯ. ಮೊಸಳೆ, ಅನಾನಸುಗಳಿಗಿಂತ ತಟ್ಟೆಯ ಮೇಲಿನ ಅನ್ನವೇ ಆ ಮಾತಿಗೆ ಹೆಚ್ಚು ಒಪ್ಪುತ್ತದೆ ಎಂದು ಜನ ತಮಾಷೆಗೆ ಇಟ್ಟ ಹೆಸರು ಉಳಿದುಬಿಟ್ಟಿತು.

ತಮಾಷೆಯಾದರೂ ಮಾತು ಸುಳ್ಳಲ್ಲ. ಆ ಪಾತ್ರೆಯೊಳಗಿನ ಒಂದೊಂದು ಪದಾರ್ಥವೂ ಒಂದೊಂದು ದಿಕ್ಕಿನಿಂದ ಬಂದದ್ದು. ಕೆಲವು ತಾವಾಗಿ ಬಂದವು. ಕೆಲವನ್ನು ತಂದವರು ಬಂದದ್ದೇ ಸಂಕೋಲೆಯಲ್ಲಿ.

ಜಮೈಕಾವನ್ನು ಇಂಗ್ಲಿಷರು ಸ್ಪೇನಿನವರಿಂದ ಕಸಿದುಕೊಂಡದ್ದು 1655ರಲ್ಲಿ. ಕಬ್ಬಿನ ತೋಟಗಳಿಗೆ ಕೂಲಿ ಬೇಕಾಗಿತ್ತು. ಪಶ್ಚಿಮ ಆಫ್ರಿಕಾದ ಕರಾವಳಿಯಿಂದ ಜನರನ್ನು ಹಡಗಿಗೆ ತುಂಬಿ ತಂದರು. ಜಮೈಕಾ ಒಂದಕ್ಕೇ ಹತ್ತಿರ ಹತ್ತಿರ 10 ಲಕ್ಷ ಜನ ಹಾಗೆ ಬಂದಿಳಿದರು. ಅವರಲ್ಲಿ ಬಹಳಷ್ಟು ಮಂದಿ ಇಂದಿನ ಘಾನಾದ ಕಡೆಯವರು. ಘಾನಾದಲ್ಲಿ ಇಂದಿಗೂ ಬೆಳಗಿನ ತಿಂಡಿಗೆ ಬೀದಿ ಬದಿಯಲ್ಲಿ 'ವಾಚೆ' ಎಂಬ ಅನ್ನ ಸಿಗುತ್ತದೆ: ಅಕ್ಕಿ, ಅಲಸಂದೆ ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದು. ಅದರ ಕಂದುಗೆಂಪು ಬಣ್ಣ ಬರುವುದು ಕಾಳಿನಿಂದಲ್ಲ, ಜೋಳದ ದಂಟಿನ ಒಣಗಿದ ಗರಿಯಿಂದ. ಗರಿಯನ್ನು ನೀರಿಗೆ ಹಾಕಿ ಕುದಿಸಿ ಆಮೇಲೆ ತೆಗೆದು ಎಸೆಯುತ್ತಾರೆ. ವಿಜಯಪುರದ ಕಡೆಯ ರೈತ ದನಕ್ಕೆ ಹಾಕುವ ಕಣಿಕೆ ಅಲ್ಲಿ ಅಡುಗೆಯ ಬಣ್ಣ! ಅಕ್ಕಿ-ಕಾಳನ್ನು ಕೂಡಿ ಬೇಯಿಸುವ ಈ ಕೈಚಳಕ ಆಫ್ರಿಕಾದ್ದು. ಹಡಗಿನ ತಳದಲ್ಲಿ ಬಂದವರು ಗಂಟುಮೂಟೆ ಇಲ್ಲದೆಯೂ ತರಬಹುದಾಗಿದ್ದ ಆಸ್ತಿ ಅದು. ಅಲಸಂದೆಯ ಜಾಗದಲ್ಲಿ ಹೊಸ ನೆಲದ ರಾಜ್ಮಾ ಬಂತು, ಜೋಳದ ಗರಿಯ ಬಣ್ಣದ ಜಾಗದಲ್ಲಿ ರಾಜ್ಮಾದ್ದೇ ಕೆಂಪು ಬಂತು.

ಇನ್ನು ಭಾನುವಾರವೇ ಯಾಕೆ? ಜೀತದಾಳುಗಳಿಗೆ ವಾರದಲ್ಲಿ ತಮ್ಮದು ಅಂತ ಇದ್ದದ್ದು ಆ ಒಂದು ದಿನ. ಅವರ ಹೊಟ್ಟೆ ತುಂಬಿಸುವ ಖರ್ಚು ಉಳಿಸಲು ತೋಟದ ಧಣಿಗಳು ಕಬ್ಬಿಗೆ ಒಗ್ಗದ ಗುಡ್ಡದ ಇಳಿಜಾರಿನಲ್ಲಿ ಸಣ್ಣ ಸಣ್ಣ ತುಂಡು ನೆಲ ಬಿಟ್ಟುಕೊಟ್ಟಿದ್ದರು. ಭಾನುವಾರ ಅಲ್ಲಿಗೆ ನಡೆದು ಹೋಗಿ ಗೆಣಸು, ಬಾಳೆ, ಕಾಳು ಬೆಳೆಯುವುದು, ಮಿಕ್ಕಿದ್ದನ್ನು ಭಾನುವಾರದ ಸಂತೆಯಲ್ಲಿ ಮಾರುವುದು, ನಿಧಾನವಾಗಿ ಅಡುಗೆ ಮಾಡಿ ಕೂತು ಉಣ್ಣುವುದು. ಮಿಕ್ಕ ಆರು ದಿನ ಕಬ್ಬಿನ ಗದ್ದೆಯ ನಡುವೆ ತುರಾತುರಿಯಲ್ಲಿ ತಿಂದು ಮುಗಿಸಬೇಕಿತ್ತು. ಜೀತ ಕಾನೂನಿನಲ್ಲಿ ಕೊನೆಗೊಂಡದ್ದು 1834ರ ಆಗಸ್ಟ್ 1ರಂದು. ಆದರೂ 'ಕೆಲಸ ಕಲಿಯುವ ಅವಧಿ' ಎಂಬ ಹೆಸರಿನಲ್ಲಿ ಅವರನ್ನು ಹಿಡಿದಿಟ್ಟುಕೊಂಡು, ಪೂರ್ತಿ ಬಿಡುಗಡೆ ಕೊಟ್ಟದ್ದು 1838ರ ಆಗಸ್ಟ್ 1ಕ್ಕೆ. ಬಿಡುಗಡೆಯಾದ ಮೇಲೂ ಭಾನುವಾರದ ಅಡುಗೆ ಭಾನುವಾರದ್ದಾಗಿಯೇ ಉಳಿಯಿತು. ಅಕ್ಕಿ ಆ ದ್ವೀಪಕ್ಕೆ ಇಂದಿಗೂ ಬಹುಪಾಲು ಹೊರಗಿನಿಂದಲೇ ಬರುತ್ತದೆ. ವಾರದ ದಿನಗಳಿಗೆ ಗೆಡ್ಡೆ, ಹಲಸಿನ ಜಾತಿಯ ಬ್ರೆಡ್‌ಫ್ರೂಟ್, ಬೇಯಿಸಿದ ಬಾಳೆಕಾಯಿ ಇದ್ದವು. ರಾಗಿ ಸೀಮೆಯಲ್ಲಿ ಹಬ್ಬಕ್ಕೆ ಮಾತ್ರ ಅನ್ನ ಬಸಿಯುತ್ತಿದ್ದ ಅಜ್ಜಿಯರ ಕಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಾಯಿಹಾಲಿನ ಕಥೆ. ಕೆರಿಬಿಯನ್ ಎಂದರೆ ಕ್ಯಾಲೆಂಡರಿನ ಚಿತ್ರಗಳಲ್ಲೆಲ್ಲ ಸಮುದ್ರದ ಕಡೆಗೆ ಬಾಗಿದ ತೆಂಗಿನ ಮರ. ಆದರೆ ಕೊಲಂಬಸ್ ಆ ದ್ವೀಪಗಳಿಗೆ ಹೋದಾಗ ಅಲ್ಲಿ ತೆಂಗೇ ಇರಲಿಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಜಗತ್ತಿನ ನಾನಾ ಕಡೆಯ 1,300ಕ್ಕೂ ಹೆಚ್ಚು ತೆಂಗಿನ ಮರಗಳ ವಂಶವಾಹಿ ಪರೀಕ್ಷೆ ಮಾಡಿದರು. ಲೋಕದ ತೆಂಗೆಲ್ಲ ಎರಡು ದೊಡ್ಡ ಕುಲಗಳಿಗೆ ಸೇರಿದ್ದು ಎಂದು ಗೊತ್ತಾಯಿತು: ಒಂದು ಪೆಸಿಫಿಕ್ ಸಾಗರದ್ದು, ಇನ್ನೊಂದು ಹಿಂದೂ ಮಹಾಸಾಗರದ್ದು. ಎರಡನೆಯದನ್ನು ಮೊದಲು ಸಾಕಿ ಬೆಳೆಸಿದ್ದು ದಕ್ಷಿಣ ಭಾರತದ ಅಂಚು, ಶ್ರೀಲಂಕಾ, ಲಕ್ಷದ್ವೀಪ, ಮಾಲ್ಡೀವ್ಸ್ ಕಡೆ. ಪೋರ್ಚುಗೀಸರ ಹಡಗುಗಳಲ್ಲಿ ಆಫ್ರಿಕಾ ಬಳಸಿ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ಸೇರಿದ್ದು ಈ ಕುಲವೇ. ಹಾಗಾಗಿ ಜಮೈಕಾದ ಹಿತ್ತಲಿನಲ್ಲಿ ಭಾನುವಾರ ಒಡೆಯುವ ಕಾಯಿ, ಕುಂದಾಪುರದ ಹಿತ್ತಲಿನ ಕಾಯಿಗೆ ದೂರದ ದಾಯಾದಿ.

ಕೊಟ್ಟದ್ದಕ್ಕೆ ಪ್ರತಿಯಾಗಿ ಬಂದದ್ದೂ ಕಡಿಮೆಯಿಲ್ಲ. ಮೆಣಸಿನಕಾಯಿ ಅತ್ತಲಿಂದ ಬಂತು. ಇಂದು ಬ್ಯಾಡಗಿ ಇಲ್ಲದೆ ಕನ್ನಡದ ಸಾರಿನ ಪುಡಿ ಇಲ್ಲ. ರಾಜ್ಮಾ ಅಮೆರಿಕ ಖಂಡದ್ದು. ಅದು ಉತ್ತರದವರ ಕಾಳು, ನಮ್ಮದಲ್ಲ ಎಂದು ಮೂಗು ಮುರಿಯುವವರು ಒಂದು ಮಾತು ನೆನಪಿಡಬೇಕು: ಮದುವೆಮನೆಯ ಎಲೆಯ ತುದಿಗೆ ಬಡಿಸುವ ಬೀನ್ಸ್ ಪಲ್ಯದ ಎಳೆ ಕಾಯಿ ಮತ್ತು ರಾಜ್ಮಾ ಕಾಳು ಒಂದೇ ಸಸ್ಯಜಾತಿಯವು. ಎಳೆಯದರಲ್ಲಿ ಕಿತ್ತರೆ ಪಲ್ಯ, ಬಲಿಯಲು ಬಿಟ್ಟರೆ ಕಾಳು.

ಆದರೆ ಕನ್ನಡ ನೆಲಕ್ಕೂ ಆ ಪಾತ್ರೆಗೂ ಇರುವ ಗಟ್ಟಿ ನಂಟು ತೊಗರಿಯದು. ಡಿಸೆಂಬರ್ ಬಂತೆಂದರೆ ಜಮೈಕಾದ ಅಡುಗೆಯವರು ರಾಜ್ಮಾವನ್ನು ಪಕ್ಕಕ್ಕಿಟ್ಟು 'ಗುಂಗೊ ಪೀಸ್' ಹುಡುಕುತ್ತಾರೆ. ಕ್ರಿಸ್ಮಸ್ ಊಟಕ್ಕೆ ಗುಂಗೊ ಅನ್ನವೇ ಆಗಬೇಕು. ಗುಂಗೊ ಎಂದರೆ ಬೇರೇನಲ್ಲ, ಹಸಿ ತೊಗರಿ ಕಾಳು. ತೊಗರಿ ಹುಟ್ಟಿದ್ದು ಭಾರತದಲ್ಲಿ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಮಾರು 3,400 ವರ್ಷ ಹಿಂದಿನ ತೊಗರಿಯ ಕುರುಹು ಸಿಕ್ಕಿದೆ. ಇಲ್ಲಿಂದ ಅದು ಪೂರ್ವ ಆಫ್ರಿಕಾಕ್ಕೆ ಹೋಯಿತು, ಅಲ್ಲಿಂದ ಖಂಡ ದಾಟಿ ಪಶ್ಚಿಮ ತೀರಕ್ಕೆ, ಆ ತೀರದಿಂದ ಜೀತದ ಹಡಗುಗಳ ಜೊತೆಗೆ ಕೆರಿಬಿಯನ್ನಿಗೆ. ಹೋದಲ್ಲೆಲ್ಲ ಹೊಸ ಹೆಸರು ಪಡೆಯಿತು. ಬಾರ್ಬಡೋಸ್‌ನಲ್ಲಿ ಇದನ್ನು ಪಾರಿವಾಳಗಳಿಗೆ ಹಾಕುತ್ತಿದ್ದುದರಿಂದ ಇಂಗ್ಲಿಷಿನಲ್ಲಿ 'ಪಿಜನ್ ಪೀ' ಆಯಿತು ಎನ್ನುತ್ತಾರೆ. ಕಲಬುರಗಿಯ ತೊಗರಿಯ ಬಗ್ಗೆ ಕೃಷಿ ವಿಜ್ಞಾನಿಗಳು ಇಂಗ್ಲಿಷಿನಲ್ಲಿ ಬರೆಯುವಾಗ ಬಳಸುವುದು ಬಾರ್ಬಡೋಸಿನ ಆ ಹೆಸರನ್ನೇ. ಪ್ವೆರ್ಟೊ ರಿಕೊದವರು ತೊಗರಿಗೆ 'ಗಂದೂಲೆಸ್' ಎನ್ನುತ್ತಾರೆ. ಆ ಮಾತಿನ ಬೇರು ಆಫ್ರಿಕಾದ ಕಾಂಗೋ ಭಾಷೆಯ ಮೂಲಕ ತೆಲುಗಿನ 'ಕಂದುಲು' ತನಕ ಹೋಗುತ್ತದೆ ಎಂಬ ವಾದವೂ ಭಾಷಾಶಾಸ್ತ್ರದಲ್ಲಿದೆ.

ಕ್ರಿಸ್ಮಸ್‌ಗೇ ತೊಗರಿ ಯಾಕೆ ಎಂಬುದಕ್ಕೆ ಭೂಪಟ ತೆರೆದರೆ ಉತ್ತರವಿದೆ. ಹಗಲು ಚಿಕ್ಕದಾಗುತ್ತ ಬಂದಾಗ ಹೂ ಬಿಡುವ ಗಿಡ ತೊಗರಿ. ಕಲಬುರಗಿ ಇರುವುದು ಸಮಭಾಜಕದಿಂದ ಉತ್ತರಕ್ಕೆ 17 ಡಿಗ್ರಿ ಚಿಲ್ಲರೆ. ಕಿಂಗ್‌ಸ್ಟನ್ 18 ಡಿಗ್ರಿಯ ಹತ್ತಿರ. ಎರಡೂ ಊರಿನಲ್ಲಿ ಹಗಲು ಕುಗ್ಗುವ ಲೆಕ್ಕ ಹೆಚ್ಚುಕಡಿಮೆ ಒಂದೇ. ಆದ್ದರಿಂದ ನಮ್ಮ ಸಂತೆಗಳಿಗೆ ಹಸಿ ತೊಗರಿಕಾಯಿಯ ರಾಶಿ ಬರುವ ತಿಂಗಳುಗಳಲ್ಲೇ ಅಲ್ಲಿಯ ಹೆಂಗಸರೂ ಮೊರ ಮುಂದಿಟ್ಟುಕೊಂಡು ತೊಗರಿಕಾಯಿ ಸುಲಿಯುತ್ತಿರುತ್ತಾರೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿಯ ತೊಗರಿ ಬೇಳೆಯಾಗಿ ಒಡೆದು ಸಾರಿಗೆ ಹೋಗುತ್ತದೆ. ಅಲ್ಲಿ ಬೇಳೆ ಮಾಡುವ ರೂಢಿಯಿಲ್ಲ, ಇಡೀ ಕಾಳೇ ಅನ್ನದೊಳಗೆ. ಕ್ರಿಸ್ಮಸ್ ಊಟದ ಜೊತೆ ಕುಡಿಯುವ ಕೆಂಪು 'ಸಾರೆಲ್' ಪಾನಕವನ್ನು ಮಾಡುವುದೂ ನಮ್ಮ ಪುಂಡಿ ಸೊಪ್ಪಿನ ಕುಲದ ಗಿಡದಿಂದಲೇ, ಹೂವಿನ ಬುಡದ ಕೆಂಪು ಎಸಳಿಗೆ ಶುಂಠಿ ಸೇರಿಸಿ. ತೊಗರಿಬೇಳೆ ಹಾಕಿದ ಪುಂಡಿಪಲ್ಯ ಉಂಡು ಬೆಳೆದ ಕಲ್ಯಾಣ ಕರ್ನಾಟಕದ ಹುಡುಗ ಆ ಮೇಜಿನ ಮುಂದೆ ಕೂತರೆ, ವೇಷ ಬದಲಿಸಿದ ಇಬ್ಬರು ನೆಂಟರನ್ನು ಕಂಡ ಹಾಗೆ.

ಕಥೆ ಸಾಕು, ಒಲೆ ಹಚ್ಚೋಣ. ನಾಲ್ಕೈದು ಮಂದಿಯ ರಾತ್ರಿಯೂಟಕ್ಕೆ ಒಂದು ಲೋಟ ರಾಜ್ಮಾ, ಅಂದರೆ ಸುಮಾರು 200 ಗ್ರಾಂ. ಎರಡು ಲೋಟ ಅಕ್ಕಿ. ಮಧ್ಯಮ ಗಾತ್ರದ ಒಂದು ತೆಂಗಿನಕಾಯಿ. ಅಕ್ಕಿ ಉದುರುದುರಾಗುವ ಜಾತಿಯದಿರಲಿ. ಜಮೈಕಾದಲ್ಲಿ ಬಳಸುವುದು ಉದ್ದ ಕಾಳಿನದು. ನಮ್ಮಲ್ಲಿ ಹಳೆಯ ಬಾಸ್ಮತಿ ಸರಿಹೋಗುತ್ತದೆ. ಹೊಸ ಸೋನಾ ಮಸೂರಿ ಮುದ್ದೆ ಕಟ್ಟುತ್ತದೆ.

ರಾಜ್ಮಾ ಎಂಟರಿಂದ ಹತ್ತು ಗಂಟೆ ನೆನೆಯಬೇಕು. ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರು ಹಾಕಬೇಕು. ಇಲ್ಲೊಂದು ಎಚ್ಚರಿಕೆ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ಒಂದು ನಂಜಿನ ಅಂಶವಿದೆ. ಅರೆಬೆಂದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕೊತಕೊತ ಕುದಿಯುವ ನೀರಿನಲ್ಲಿ ಬೆಂದರೆ ಅದು ನಾಶವಾಗುತ್ತದೆ, ಬರೀ ಬಿಸಿ ನೀರಿನಲ್ಲಿ ಇಟ್ಟರೆ ನಾಶವಾಗುವುದಿಲ್ಲ. ಕರೆಂಟಿನ ಮೇಲೆ ಇಡೀ ದಿನ ಮೆಲ್ಲಗೆ ಬೇಯಿಸುವ ಪಾತ್ರೆಗಳಲ್ಲಿ ನೇರವಾಗಿ ಹಾಕಿ ಮೋಸಹೋದವರು ಹೊರದೇಶಗಳಲ್ಲಿ ಇದ್ದಾರೆ. ನಮ್ಮ ಮನೆಗಳ ಪ್ರೆಷರ್ ಕುಕ್ಕರ್ ಈ ಮಟ್ಟಿಗೆ ಪುಣ್ಯಾತ್ಮ. ಐದಾರು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಜೊತೆಗೆ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ. ಕಾಳನ್ನು ಎರಡು ಬೆರಳಿನ ನಡುವೆ ಒತ್ತಿದರೆ ಬೆಣ್ಣೆಯಂತೆ ಮೆತ್ತಗಾಗಬೇಕು, ಸಿಪ್ಪೆ ಮಾತ್ರ ಬಿಡಬಾರದು.

ಕುಕ್ಕರ್ ಮುಚ್ಚಳ ತೆಗೆದಾಗ ಒಳಗಿರುವ ನೀರು ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಚೆಲ್ಲಿದವರು ಅಡುಗೆಯನ್ನೇ ಚೆಲ್ಲಿದ ಹಾಗೆ. ಅನ್ನಕ್ಕೆ ನಸುಗೆಂಪು, ರುಚಿಗೆ ಗಟ್ಟಿತನ ಬರುವುದು ಆ ಕಟ್ಟಿನಿಂದ. ಬಸ್ಸಾರು ಮಾಡುವ ಮಂಡ್ಯ, ಹಾಸನದ ಕೈಗಳಿಗೆ ಕಟ್ಟಿನ ಬೆಲೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ಮುಂದೆ ಕುಕ್ಕರ್ ಬೇಡ, ದಪ್ಪ ತಳದ ಪಾತ್ರೆ ಬೇಕು. ಜಮೈಕಾದಲ್ಲಿ ಅದಕ್ಕೆ 'ಡಚ್ ಪಾಟ್' ಎನ್ನುತ್ತಾರೆ, ಮುದ್ದಿಗೆ 'ಡಚಿ': ಎರಕ ಹೊಯ್ದ ಭಾರದ ಪಾತ್ರೆ, ಬಿಗಿಯಾಗಿ ಕೂರುವ ಮುಚ್ಚಳ. 1982ರಲ್ಲಿ ಇಂಗ್ಲೆಂಡಿನಲ್ಲಿ 'ಮ್ಯೂಸಿಕಲ್ ಯೂತ್' ಎಂಬ ಹುಡುಗರ ತಂಡ ಹಾಡಿ ಮೊದಲ ಸ್ಥಾನಕ್ಕೇರಿಸಿದ 'ಪಾಸ್ ದ ಡಚಿ' ಹಾಡಿನ ಡಚಿ ಈ ಪಾತ್ರೆಯೇ. ಮೂಲ ಹಾಡಿನಲ್ಲಿ ಇದ್ದದ್ದು ಗಾಂಜಾ ಚಿಲುಮೆ. ಹಾಡುವವರು ಶಾಲೆಯ ಮಕ್ಕಳು, ಹಾಗಾಗಿ ಚಿಲುಮೆ ಹೋಗಿ ಅನ್ನದ ಪಾತ್ರೆ ಬಂತು.

ಬೆಂದ ಕಾಳು ಮತ್ತು ಕಟ್ಟನ್ನು ಪಾತ್ರೆಗೆ ಹಾಕಿ, ಒಂದು ಕಾಯಿಯಿಂದ ಹಿಂಡಿದ ಎರಡು ಲೋಟ ಹಾಲು ಸೇರಿಸಬೇಕು. ಮೂರು ದಂಟು ಈರುಳ್ಳಿ ಸೊಪ್ಪನ್ನು ಕತ್ತರಿಸಬಾರದು. ಚಾಕುವಿನ ಹಿಂಬದಿಯಿಂದ ಜಜ್ಜಿ ಇಡಿಯಾಗಿ ಹಾಕಿದರೆ ರಸ ಬಿಡುತ್ತದೆ, ಕೊನೆಗೆ ಎತ್ತಿ ಬಿಸಾಡಲು ಸುಲಭ. ನಂತರ ಬರುವುದು ಎಂಟ್ಹತ್ತು ಕಾಳು 'ಪಿಮೆಂಟೊ'. ನೋಡಲು ಕಾಳುಮೆಣಸಿನಂತೆ, ಮೂಸಿದರೆ ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಮೂರೂ ಒಟ್ಟಿಗೆ. ಕೊಲಂಬಸ್ ಹುಡುಕಿ ಹೊರಟದ್ದು ಕಾಳುಮೆಣಸನ್ನಾದ್ದರಿಂದ ಸ್ಪೇನಿನವರು ಇದನ್ನೇ ಮೆಣಸು ಎಂದು ಕರೆದರು. ಹೆಸರಿನ ಆ ತಪ್ಪು ಇಂದಿಗೂ ತಿದ್ದುಪಡಿಯಾಗಿಲ್ಲ. ಜಮೈಕಾ ಇದರ ತವರು. ಮಲೆನಾಡಿನ, ಕರಾವಳಿಯ ತೋಟಗಳಲ್ಲಿ 'ಸರ್ವಸಾಂಬಾರ' ಎಂದು ಬೆಳೆಸುವ ಗಿಡ ಇದೇ. ಅದರ ಎಲೆಯನ್ನು ಪಲಾವಿಗೆ ಹಾಕುವವರೂ ಇದ್ದಾರೆ. ಗಿಡ ಸಿಗದವರು ಎರಡು ಲವಂಗ, ಬೆರಳ ತುದಿಯಷ್ಟು ಚಕ್ಕೆ, ಐದಾರು ಕಾಳುಮೆಣಸು, ಚಿಟಿಕೆ ಜಾಯಿಕಾಯಿ ಪುಡಿಯಲ್ಲಿ ಕೆಲಸ ಸಾಗಿಸಬಹುದು.

ಥೈಮ್ ಎಂಬ ಸಣ್ಣ ಎಲೆಯ ಸೊಪ್ಪು ಇಲ್ಲದೆ ಈ ಅಡುಗೆ ಆಗುವುದಿಲ್ಲ ಎಂದು ಜಮೈಕಾದವರು ಹಟ ಹಿಡಿಯುತ್ತಾರೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಅದು ಪೊಟ್ಟಣದಲ್ಲಿ ಸಿಗುತ್ತದೆ. ಸಿಗದಿದ್ದರೆ ಹಿತ್ತಲಿನ ಕುಂಡದ ಕಡೆ ನೋಡಿದರಾಯಿತು. ಮಕ್ಕಳಿಗೆ ನೆಗಡಿಯಾದಾಗ ಬಾಡಿಸಿ ರಸ ಹಿಂಡುವ, ಬೇಸಿಗೆಯಲ್ಲಿ ತಂಬುಳಿ ಮಾಡುವ ದೊಡ್ಡಪತ್ರೆ, ಕೆಲವರ ಬಾಯಲ್ಲಿ ಸಾಂಬ್ರಾಣಿ ಸೊಪ್ಪು, ಇದೆಯಲ್ಲ, ಅದು ಕೆರಿಬಿಯನ್ ಅಡುಗೆಮನೆಗಳಿಗೆ ಹೊಸಬನಲ್ಲ. ಟ್ರಿನಿಡಾಡಿನಲ್ಲಿ ಅದು 'ಅಗಲ ಎಲೆಯ ಥೈಮ್'. ಪ್ವೆರ್ಟೊ ರಿಕೊದಲ್ಲಿ 'ಒರೆಗಾನೊ ಬ್ರೂಹೊ', ಕಾಳಿನ ಅಡುಗೆಗೇ ಹಾಕುತ್ತಾರೆ. ಥೈಮ್‌ಗೂ ದೊಡ್ಡಪತ್ರೆಗೂ ಓಮಕ್ಕೂ ಘಾಟು ಕೊಡುವ ಎಣ್ಣೆಗಳು ಒಂದೇ ಬಗೆಯವು. ಎರಡು ಎಲೆ ಸಾಕು. ಮೂರನೆಯದು ಹಾಕಿದರೆ ಅನ್ನ ಹೋಗಿ ಕಷಾಯವಾಗುತ್ತದೆ.

ಕೊನೆಯದು ಮೆಣಸಿನಕಾಯಿ. 'ಸ್ಕಾಚ್ ಬಾನೆಟ್' ಎಂಬ ಅಲ್ಲಿಯ ಮೆಣಸಿನಕಾಯಿ ಹಳದಿಯೋ ಕೆಂಪೋ ಆಗಿ, ಗುಂಡಗೆ, ಅಲ್ಲಲ್ಲಿ ಕುಗ್ಗಿ, ಸ್ಕಾಟ್ಲೆಂಡಿನವರ ಟೊಪ್ಪಿಗೆಯಂತಿರುತ್ತದೆ. ಖಾರದ ಅಳತೆಯಲ್ಲಿ ಅದು 1 ಲಕ್ಷದಿಂದ 3.5 ಲಕ್ಷ ಸ್ಕೊವಿಲ್. ಬ್ಯಾಡಗಿ ಅದರ ಮುಂದೆ ಎಳೆ ಮಗು. ಆದರೆ ಇಡೀ ಅಡುಗೆಯ ಜಾಣತನ ಇರುವುದು ಇಲ್ಲೇ. ಅದನ್ನು ಕತ್ತರಿಸುವುದಿಲ್ಲ, ಸೀಳುವುದಿಲ್ಲ. ತೊಟ್ಟು ಸಮೇತ ಕುದಿಯುವ ಹಾಲಿನ ಮೇಲೆ ತೇಲಿಬಿಡುತ್ತಾರೆ. ಹಣ್ಣಿನಂಥ ಅದರ ಪರಿಮಳವಷ್ಟೇ ಆವಿಯಲ್ಲಿ ಅನ್ನಕ್ಕಿಳಿಯುತ್ತದೆ. ಖಾರ ಸಿಪ್ಪೆಯೊಳಗೇ ಬಂದಿ. ಸಿಪ್ಪೆ ಒಡೆದರೆ ಆ ಭಾನುವಾರ ಮನೆಮಂದಿಗೆಲ್ಲ ಕಣ್ಣೀರು. ಕುಕ್ಕರ್ ಬೇಡ ಎಂದದ್ದು ಇದಕ್ಕೇ: ಒತ್ತಡದಲ್ಲಿ ಅದು ಒಡೆಯದೆ ಇರುವುದಿಲ್ಲ. ನಮ್ಮಲ್ಲಿ ಒಂದು ದಪ್ಪ ಹಸಿ ಮೆಣಸಿನಕಾಯಿಯನ್ನು ಇಡಿಯಾಗಿ ಹಾಕಬಹುದು. ಆ ಪರಿಮಳ ಬರುವುದಿಲ್ಲ, ಕಣ್ಣೀರೂ ಬರುವುದಿಲ್ಲ.

ಇದೆಲ್ಲ ಹತ್ತು ನಿಮಿಷ ಕುದಿದ ಮೇಲೆ ಉಪ್ಪು ನೋಡಬೇಕು. ರುಚಿ ನೋಡಿದಾಗ ಒಂದು ಚೂರು ಮುಂದಾಗಿದೆ ಅನ್ನಿಸಿದರೆ ಸರಿ, ಅಕ್ಕಿ ಅದನ್ನು ಎಳೆದುಕೊಳ್ಳುತ್ತದೆ. ಈಗ ತೊಳೆದ ಅಕ್ಕಿ. ಎರಡು ಲೋಟ ಅಕ್ಕಿಗೆ ಹಾಲು, ಕಟ್ಟು ಎಲ್ಲ ಸೇರಿ ಅಂದಾಜು ನಾಲ್ಕು ಲೋಟ ಇರಬೇಕು. ಅಳತೆ ತಪ್ಪಿದೆ ಅನ್ನಿಸಿದರೆ ಬೆರಳಿದೆ: ಅಕ್ಕಿಯ ಮಟ್ಟಕ್ಕೆ ತುದಿ ತಾಗಿಸಿದರೆ ಮೊದಲ ಗೆಣ್ಣಿನ ತನಕ ನೀರು. ಒಂದು ಕುದಿ ಬಂದ ಕೂಡಲೇ ಉರಿಯನ್ನು ಪೂರ್ತಿ ಸಣ್ಣಗೆ ಮಾಡಿ, ಮುಚ್ಚಳದ ಕೆಳಗೆ ಬಾಳೆ ಎಲೆಯನ್ನೋ ಫಾಯಿಲನ್ನೋ ಇಟ್ಟು ಬಿಗಿಯಬೇಕು. ಇಪ್ಪತ್ತು ಇಪ್ಪತ್ತೈದು ನಿಮಿಷ ಕೈ ಕಟ್ಟಿ ಕೂರಬೇಕು. ಸೌಟು ಹಾಕಿ ತಿರುವಿದರೆ ಕಾಳು ಒಡೆದು, ಅಕ್ಕಿ ಗಂಜಿಯಾಗಿ, ಮೆಣಸಿನಕಾಯಿ ಸಿಡಿದು ಮೂರೂ ಅನಾಹುತ ಒಟ್ಟಿಗೆ ಆಗುತ್ತವೆ.

ಜೊತೆಗೆ ಏನು? ಅಲ್ಲಿ ಕೋಳಿ ಇರುತ್ತದೆ, ಹಬ್ಬ ಹುಣ್ಣಿಮೆಗೆ ಮೇಕೆಯ ಸಾರು. ಆ ಸಾರಿಗೆ 'ಕರಿ ಗೋಟ್' ಎಂದು ಹೆಸರು. ಜೀತ ಕೊನೆಗೊಂಡ ಮೇಲೆ 1845ರಿಂದ ಕರಾರು ಕೂಲಿಗಳಾಗಿ ಜಮೈಕಾಕ್ಕೆ ಹೋದ ಸುಮಾರು 36,000 ಭಾರತೀಯರು ಬಿಟ್ಟುಹೋದ ರುಚಿ ಅದು. ಮಾಂಸ ತಿನ್ನದವರಿಗೆ ಎಲೆಕೋಸು-ಕ್ಯಾರೆಟ್ ಪಲ್ಯ, ಹೋಳು ಮಾಡಿ ಎಣ್ಣೆಯಲ್ಲಿ ಕೆಂಪಗೆ ಬಾಡಿಸಿದ ಹಣ್ಣು ನೇಂದ್ರಬಾಳೆ, ಒಂದು ಹೋಳು ಬೆಣ್ಣೆಹಣ್ಣು. ಬೆಣ್ಣೆಹಣ್ಣಿಗೆ ಜಮೈಕಾದವರು ಬರಿದೇ 'ಪೇರ್' ಎನ್ನುತ್ತಾರೆ. ಹೆಸರು ಇಡುವ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳಿದವರಲ್ಲ.

ಪೌಷ್ಟಿಕತೆಯ ಲೆಕ್ಕ ಕೇಳುವವರಿಗೆ ಒಂದೇ ಮಾತು. ಅಕ್ಕಿಯ ಪ್ರೊಟೀನಿನಲ್ಲಿ ಲೈಸಿನ್ ಕಡಿಮೆ, ಕಾಳಿನದರಲ್ಲಿ ಮಿಥಿಯೊನಿನ್ ಕಡಿಮೆ; ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆ-ಉಪ್ಸಾರಿನ ಗುಟ್ಟೂ ಇದೇ ಜಾತಿಯದು.

ಜಮೈಕಾ ಬಿಟ್ಟು ಪಕ್ಕದ ದ್ವೀಪಕ್ಕೆ ದೋಣಿ ಹತ್ತಿದರೆ ಪಾತ್ರೆ ಅದೇ, ವೇಷ ಬೇರೆ. ಕ್ಯೂಬಾದಲ್ಲಿ ಕರಿ ಕಾಳು, ಬಿಳಿ ಅಕ್ಕಿ. ಹೆಸರು 'ಮೋರೋಸ್ ಇ ಕ್ರಿಸ್ತಿಯಾನೋಸ್', ಮೂರರು ಮತ್ತು ಕ್ರೈಸ್ತರು. ಸ್ಪೇನಿನ ನೆಲದಲ್ಲಿ ಶತಮಾನಗಳ ಕಾಲ ಕಾದಾಡಿದವರನ್ನು ಒಂದೇ ತಟ್ಟೆಗೆ ಹಾಕಿದ್ದಾರೆ. ಹೈಟಿಯಲ್ಲಿ ಅದು 'ದಿರಿ ಕೋಲೆ', ಅಂಟಿಕೊಂಡ ಅನ್ನ. ಪ್ವೆರ್ಟೊ ರಿಕೊದಲ್ಲಿ ತೊಗರಿ, ಅನ್ನಾಟೊ ಬೀಜದ ಕೇಸರಿ ಬಣ್ಣ, ಮೇಲೆ ಆಲಿವ್ ಕಾಯಿ. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಹೋಟೆಲಿಗೆ ಹೋದವರು ಮಾತಿನ ಮೇಲೆ ನಿಗಾ ಇಡಬೇಕು: 'ರೈಸ್ ಆ್ಯಂಡ್ ಬೀನ್ಸ್' ಎಂದರೆ ಕೂಡಿ ಬೇಯಿಸಿದ್ದು ಬರುತ್ತದೆ, 'ಬೀನ್ಸ್ ಆ್ಯಂಡ್ ರೈಸ್' ಎಂದರೆ ಬಿಳಿ ಅನ್ನ, ಪಕ್ಕದಲ್ಲಿ ಕಾಳಿನ ಗಟ್ಟಿ ಸಾರು. ಬಿಸಿಬೇಳೆಬಾತ್ ಕೇಳಿದವರಿಗೂ ಅನ್ನ-ಹುಳಿ ಕೇಳಿದವರಿಗೂ ಇರುವಷ್ಟೇ ವ್ಯತ್ಯಾಸ. ಕೋಸ್ಟರಿಕಾದ ಲಿಮೋನ್ ಬಂದರಿನಲ್ಲಿ ದೇಶದ ಬೇರೆಡೆ ಇಲ್ಲದ ಕಾಯಿಹಾಲಿನ ಅನ್ನ ಸಿಗುವುದು, 1872ರಿಂದ ರೈಲುಹಳಿ ಹಾಕಲು ಹೋದ ಜಮೈಕಾದ ಕೂಲಿಗಳಿಂದ.

ಟ್ರಿನಿಡಾಡಿನ 'ಪೆಲಾವ್' ಇನ್ನೊಂದು ದಾರಿ ಹಿಡಿಯಿತು. ಮೊದಲು ಎಣ್ಣೆಯಲ್ಲಿ ಸಕ್ಕರೆಯನ್ನು ಕರಿಯಾಗುವ ತನಕ ಕಾಯಿಸಿ, ಅದರಲ್ಲಿ ಕೋಳಿಯನ್ನು ಹೊರಳಿಸಿ, ಆಮೇಲೆ ತೊಗರಿ, ಅಕ್ಕಿ, ಕಾಯಿಹಾಲು. ಒಂದೇ ಪಾತ್ರೆಯ ಊಟವಾದ್ದರಿಂದ ಹೊತ್ತೊಯ್ಯಲು ಸಲೀಸು. ಸಮುದ್ರತೀರಕ್ಕೂ ಕ್ರಿಕೆಟ್ ಮೈದಾನಕ್ಕೂ ಅದೇ ಬುತ್ತಿ. ಅಲ್ಲಿಯ ರಾಜಧಾನಿ ಪೋರ್ಟ್ ಆಫ್ ಸ್ಪೇನ್. ರೇಡಿಯೊಗೆ ಕಿವಿಗೊತ್ತಿ ಬೆಳೆದ ಕನ್ನಡದ ತಲೆಮಾರಿಗೆ ಈ ಹೆಸರು ಕೇಳಿದೊಡನೆ 1976ರ ಏಪ್ರಿಲ್ ನೆನಪಾಗುತ್ತದೆ: ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು 406 ರನ್ ಹೊಡೆದು ಗೆದ್ದ ಟೆಸ್ಟ್, ಅದರಲ್ಲಿ ಭದ್ರಾವತಿಯ ವಿಶ್ವನಾಥರ 112, ಕೊನೆಯ ತನಕ ನಿಂತ ಬ್ರಿಜೇಶ್ ಪಟೇಲರ 49.

ಇಪ್ಪತ್ತೈದು ನಿಮಿಷ ಆಯಿತು. ಮುಚ್ಚಳ ತೆಗೆದರೆ ನಸುಗೆಂಪು ಅನ್ನದ ಮೇಲೆ ಮೆಣಸಿನಕಾಯಿ ಬಾಡಿ ಕೂತಿದೆ, ಒಡೆದಿಲ್ಲ. ತೊಟ್ಟು ಹಿಡಿದು ಮೆಲ್ಲಗೆ ಎತ್ತಿ ಪಕ್ಕಕ್ಕಿಡಬೇಕು; ಖಾರದ ಚಪಲ ಇರುವವರು ಯಾರಾದರೂ ಅದನ್ನು ಕೇಳಿಯೇ ಕೇಳುತ್ತಾರೆ. ಈರುಳ್ಳಿ ಸೊಪ್ಪಿನ ದಂಟು, ದೊಡ್ಡಪತ್ರೆ ಎಲೆ ಆಚೆಗೆ. ಫೋರ್ಕಿನಿಂದ ಅಂಚಿನಿಂದ ಒಳಕ್ಕೆ ಹಗುರವಾಗಿ ಕೆದರಿದರೆ ಕಾಳು ಕೆಳಗಿನಿಂದ ಮೇಲೆ ಬರುತ್ತವೆ.

ಎಲ್ಲರಿಗೂ ಬಡಿಸಿ ಆದ ಮೇಲೆ ತಳದಲ್ಲಿ ಒಂದು ಪದರ ಉಳಿದಿರುತ್ತದೆ. ಕಾಯಿಹಾಲಿನ ಎಣ್ಣೆಯಲ್ಲಿ ಹುರಿದ, ಕಂದು ಬಣ್ಣದ, ಗರಿಗರಿ ಸೀಕು. ಜಮೈಕಾದಲ್ಲಿ ಅದು 'ಬನ್‌ಬನ್', ಪ್ವೆರ್ಟೊ ರಿಕೊದಲ್ಲಿ 'ಪೆಗಾವ್', ಡೊಮಿನಿಕನ್ ದೇಶದಲ್ಲಿ 'ಕೊನ್‌ಕೋನ್', ಕ್ಯೂಬಾದಲ್ಲಿ 'ರಾಸ್ಪಾ'. ಹಾಲು ಕಾಯಿಸಿದ ಪಾತ್ರೆಯ ಗಟ್ಟ ಕೆರೆಯಲು ಚಮಚ ಹಿಡಿದು ಕಾಯುವ ಮಕ್ಕಳ ಹಾಗೆ, ಅಲ್ಲಿಯೂ ಅದಕ್ಕೆ ಜಗಳ. ಹೆಚ್ಚಿನ ಮನೆಗಳಲ್ಲಿ ಜಗಳ ಬಗೆಹರಿಯುವುದು ಅಡುಗೆ ಮಾಡಿದಾಕೆ ಸೌಟನ್ನು ತಾನೇ ಹಿಡಿದುಕೊಂಡಾಗ: ಅರ್ಧ ಮಕ್ಕಳಿಗೆ, ಅರ್ಧ ತನ್ನ ತಟ್ಟೆಗೆ. ಆಮೇಲೆ ಡಚಿಗೆ ನೀರು ಹೊಯ್ದು, ಸೋಮವಾರದ ತನಕ ನೆನೆಯಲಿ ಎಂದು ಬಿಡುತ್ತಾಳೆ.